ಓದುಗರು ಕೇಳಿದ್ದು: ಟಾಂಗಾ, ಜಟಕಾ, ಸಾರೋಟು

ಪ್ರಶ್ನೆ: ಮೈಸೂರಿನಲ್ಲಿ ಟಾಂಗಾ ಹತ್ತಿದಾಗ ಗಾಡಿಯವರು ನಮ್ಮನ್ನು ಹಿಂದೆ ಮುಂದೆ ಸರಿಸಿ ಕೂರಿಸಿದರು. ಒಟ್ಟು ಭಾರ ಅಷ್ಟೇ ತಾನೆ? (ಹಾಸನದಿಂದ)

ಉತ್ತರ: ಅಷ್ಟೇ, ಆದರೆ ಕುದುರೆಗೆ ಬಹಳ ವ್ಯತ್ಯಾಸವಾಗುತ್ತದೆ. ಎರಡೇ ಚಕ್ರದ ಗಾಡಿ ಅಚ್ಚಿನ ಮೇಲೆ ತಕ್ಕಡಿಯಂತೆ ತೂಗುತ್ತದೆ. ಭಾರ ಮುಂದಾದರೆ, ಕುದುರೆಯ ಎರಡೂ ಪಕ್ಕ ಹಾಯುವ ಮೂಕಿಮರಗಳು ಕೆಳಗೆ ಜಗ್ಗಿ ಬೆನ್ನಿನ ಜೀನನ್ನು ಒತ್ತುತ್ತವೆ. ದಿನವೂ ಹೀಗಾದರೆ ಅಲ್ಲಿ ಹುಣ್ಣಾಗುತ್ತದೆ. ಹಿಂದಾದರೆ ಮೂಕಿ ಮೇಲೆದ್ದು ಹೊಟ್ಟೆಪಟ್ಟಿ ಬಿಗಿಯುತ್ತದೆ. ಏರಿನಲ್ಲಿ ಭಾರ ತಾನಾಗಿ ಹಿಂದಕ್ಕೆ ವಾಲುವುದರಿಂದ ಆಗ ಮುಂದೆ ಸರಿಯಬೇಕು, ಇಳಿಜಾರಿನಲ್ಲಿ ಹಿಂದೆ. ಜನ ಕೂತ ಮೇಲೆ ಮೂಕಿಯ ತುದಿಯನ್ನು ಅಂಗೈಯಿಂದ ಎತ್ತಿ ನೋಡಿ: ಹಗುರವಾಗಿ ಏಳಬೇಕು, ಬಿಟ್ಟರೆ ಮೆಲ್ಲಗೆ ಇಳಿಯಬೇಕು.

ಪ್ರಶ್ನೆ: ಜಟಕಾ, ಸಾರೋಟು ಬೇರೆ ಬೇರೆಯೇ?

ಉತ್ತರ: ಹೌದು. ಜಟಕಾದ್ದು ಕಮಾನು ಮುಚ್ಚಿಗೆಯ ಪೆಟ್ಟಿಗೆ, ಎರಡು ಚಕ್ರ. ಒಳಗೆ ಹಾಸಿನ ಮೇಲೆ ಕಾಲು ಮಡಚಿ ಕೂರಬೇಕು. ಟಾಂಗಾದಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಆಸನಗಳು. ಸಾರೋಟಿಗೆ ನಾಲ್ಕು ಚಕ್ರ, ಹಾಗಾಗಿ ಸವಾರಿಯ ಭಾರ ಕುದುರೆಯ ಬೆನ್ನಿಗೆ ಬೀಳುವುದಿಲ್ಲ.

ಪ್ರಶ್ನೆ: ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಮೊಳೆಯಿಲ್ಲದೆ ಹೇಗೆ ನಿಲ್ಲುತ್ತದೆ?

ಉತ್ತರ: ಪಟ್ಟಿಯ ಬಳೆಯನ್ನು ಚಕ್ರದ ಸುತ್ತಳತೆಗಿಂತ ತುಸು ಚಿಕ್ಕದಾಗಿಯೇ ಬೆಸೆಯುತ್ತಾರೆ. ಸುತ್ತಲೂ ಸಮವಾಗಿ ಬೆಂಕಿ ಹಾಕಿ ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ಇಕ್ಕಳದಲ್ಲಿ ಎತ್ತಿ ಚಕ್ರದ ಮೇಲೆ ಕೂರಿಸಿ, ಸುತ್ತಿಗೆಯಲ್ಲಿ ತಟ್ಟಿ, ಹೊಗೆಯೇಳುತ್ತಿದ್ದಂತೆ ನೀರು ಸುರಿಯಬೇಕು. ತಡವಾದರೆ ಮರ ಕರಕಲು. ಪಟ್ಟಿ ಕುಗ್ಗುವಾಗ ಮರದ ಕೀಲುಗಳೆಲ್ಲ ನಡುವಿನ ಗುಂಭದವರೆಗೂ ಕಚ್ಚಿಕೊಳ್ಳುತ್ತವೆ. ಬಳೆ ತೀರಾ ಚಿಕ್ಕದಾದರೆ ಚಕ್ರವೇ ಸೊಟ್ಟಗಾಗುತ್ತದೆ. ಬೇಸಿಗೆಯಲ್ಲಿ ಪಟ್ಟಿ ಸಡಿಲವಾಗುವುದು ಮರ ಒಣಗಿ ಕುಗ್ಗುವುದರಿಂದ. ಚಕ್ರವನ್ನು ನೀರಿನಲ್ಲಿ ನೆನೆಸಿದರೆ ಸ್ವಲ್ಪ ಕಾಲ ನಡೆಯುತ್ತದೆ. ಪಟ್ಟಿ ಬಿಚ್ಚಿ ಕಿರಿದು ಮಾಡಿ ಮತ್ತೆ ಹಾಕುವುದೇ ಸರಿಯಾದ ಕೆಲಸ.

ಪ್ರಶ್ನೆ: ಟಾಂಗಾದಲ್ಲಿ ಎಷ್ಟು ಜನ ಕೂರಬಹುದು?

ಉತ್ತರ: ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಬಗೆಗಿನ 1965ರ ಕೇಂದ್ರ ನಿಯಮಗಳ ಪ್ರಕಾರ ಗಾಡಿ ಹೊಡೆಯುವವರನ್ನೂ 6 ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು 4 ಜನ. ದಿನಕ್ಕೆ ಒಟ್ಟು 9 ಗಂಟೆ, ಬಿಡುವಿಲ್ಲದೆ 5 ಗಂಟೆ ಮೀರಿ ದುಡಿಸಬಾರದು. 37 ಡಿಗ್ರಿ ಸೆಲ್ಸಿಯಸ್ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಕಟ್ಟಲೇಬಾರದು. ದಸರಾ ಜನಸಂದಣಿಯಲ್ಲಿ ಗಾಡಿಯವರೇ ಕರೆದರೂ ಐದನೆಯವರಾಗಿ ಹತ್ತಬೇಡಿ, ದಯವಿಟ್ಟು.