‘ಭಾವನೆಗೆ ಧಕ್ಕೆ’ ಎಂದು ಹೆದರಿಸಿದರೆ ತಪ್ಪೊಪ್ಪಿಗೆ ಬರೆದುಕೊಡಬೇಡಿ
ಓದುಗರ ಪ್ರಶ್ನೆಗೆ ವಕೀಲರ ಉತ್ತರ

ಪ್ರಶ್ನೆ: ಮಾರಮ್ಮನ ಜಾತ್ರೆಗೆ ಮುಂಚೆ ಊರವರೆಲ್ಲ ಸೇರಿದ್ದ ಸಭೆಯಲ್ಲಿ, ಈ ಸಲ ಗುಡಿ ಮುಂದೆ ಕುರಿ, ಕೋಣ ಕಡಿಯುವುದು ಬೇಡ ಎಂದೆ. ಧಾರ್ಮಿಕ ಭಾವನೆಗೆ ಧಕ್ಕೆ ತಂದೆ ಎಂದು ಸ್ಟೇಷನ್ನಿಗೆ ದೂರು ಹೋಗಿದೆ. ‘ತಪ್ಪಾಯಿತು ಎಂದು ಬರೆದುಕೊಡಿ, ಮುಗಿಸಿಬಿಡೋಣ’ ಎಂದು ಒಬ್ಬರು ಮಧ್ಯೆ ಬಂದಿದ್ದಾರೆ. ಬರೆದುಕೊಡಲೇ?

ಉತ್ತರ: ಬೇಡ. ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಇದೇ. ನನ್ನ ಹತ್ತಿರ ಬರುವಷ್ಟರಲ್ಲಿ ಬಹಳ ಮಂದಿ ಬರೆದುಕೊಟ್ಟಾಗಿರುತ್ತದೆ. ಸ್ಟೇಷನ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ತಯಾರಾಗುವ ಆ ಪತ್ರಗಳ ಒಕ್ಕಣೆ ಹೆಚ್ಚುಕಡಿಮೆ ಹೀಗಿರುತ್ತದೆ: ‘ನಾನು ಬೇಕೆಂದೇ ದೇವರನ್ನು ಅವಮಾನಿಸಿ ಮಾತಾಡಿದ್ದು ನಿಜ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ.’ ಧಾರ್ಮಿಕ ಭಾವನೆಗೆ ಧಕ್ಕೆ ತಂದವರ ಮೇಲೆ ಹಾಕುವ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ, ಅಂದರೆ ಹಳೆಯ ಐಪಿಸಿ 295ಎ, ನಿಲ್ಲುವುದೇ ದುರುದ್ದೇಶದ ಮೇಲೆ. ದೂರು ಕೊಟ್ಟವರು ಕಷ್ಟಪಟ್ಟು ಸಾಬೀತು ಮಾಡಬೇಕಾದದ್ದನ್ನು ನೀವೇ ಸಹಿ ಹಾಕಿ ಕೈಗಿಡುತ್ತೀರಿ. ಜಾಮೀನು ರಹಿತ ಕೇಸು ಎಂದು ಆ ಮಧ್ಯವರ್ತಿ ಹೆದರಿಸುತ್ತಾನೆ. ಜಾಮೀನು ಹಕ್ಕಾಗಿ ಸಿಗದು, ನ್ಯಾಯಾಧೀಶರು ಕೊಡಬಹುದು ಎಂದಷ್ಟೇ ಅದರರ್ಥ. ಅಂಥವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಯಾರಿಗೋ ನೋವಾಯಿತು ಎಂದ ಮಾತ್ರಕ್ಕೆ ಅಪರಾಧವಾಗದು. 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 295ಎಯನ್ನು ಎತ್ತಿಹಿಡಿಯುವಾಗಲೇ, ಗೊತ್ತಿಲ್ಲದೆಯೋ ಅಜಾಗರೂಕತೆಯಿಂದಲೋ ಆದ ಅವಮಾನ ಇದರಡಿ ಬರುವುದಿಲ್ಲ ಎಂದಿತು. ಕ್ರಿಕೆಟಿಗ ಧೋನಿಯನ್ನು ವಿಷ್ಣುವಿನಂತೆ ತೋರಿಸಿದ ಪತ್ರಿಕೆಯ ಮುಖಪುಟದ ಕೇಸನ್ನು 2017ರಲ್ಲಿ ರದ್ದು ಮಾಡಿದ್ದೂ ಇದೇ ನೆಲೆಯಲ್ಲಿ. ಸಾಲದ್ದಕ್ಕೆ, ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೋರ್ಟು ಈ ಅಪರಾಧವನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ನಿಮ್ಮ ವಿಷಯದಲ್ಲಂತೂ ಗುಡಿಯ ಆವರಣದಲ್ಲಿ ಪ್ರಾಣಿಬಲಿಯನ್ನೇ ಕರ್ನಾಟಕದ 1959ರ ಕಾಯ್ದೆ ನಿಷೇಧಿಸಿದೆ. ಕಾನೂನು ಪಾಲಿಸೋಣ ಎಂದವರ ಮೇಲೆಯೇ ದೂರು ಎಂದರೆ ನನಗೆ ಸಿಟ್ಟು ಬರುತ್ತದೆ.

ಆದರೆ ನೀವು ಆಡಿದ ಮಾತನ್ನು ಪೂರ್ತಿ ಬರೆದಿಲ್ಲ. ‘ಬಲಿ ಬೇಡ’ ಎಂಬಲ್ಲಿಗೆ ನಿಲ್ಲಿಸಿದಿರೋ, ಹರಕೆ ಹೊತ್ತವರು ದಡ್ಡರು ಎಂದೂ ಸೇರಿಸಿದಿರೋ? ಎದುರು ಕೂತವನಿಗೆ ಹರಕೆ ಎಂಬುದು ಚರ್ಚೆಯ ವಿಷಯವಲ್ಲ. ಮಗುವಿಗೆ ಜ್ವರ ಬಿಡದಿದ್ದಾಗ ಅವನ ತಾಯಿ ಕೈಮುಗಿದು ಹೊತ್ತದ್ದು ಅದು. ತೀರಿಸದೇ ಹೋದರೆ ಏನಾದೀತೋ ಎಂಬ ಭಯ ಆ ಮನೆಯಲ್ಲಿ ಇವತ್ತಿಗೂ ಇದೆ. ಊರೆದುರು ಅದನ್ನು ಮೂಢತನ ಎಂದರೆ ತಾಯಿಗೇ ಬೈದಂತೆ ಅವನಿಗೆ ಕೇಳಿಸುತ್ತದೆ. ತಮಿಳುನಾಡಿನ ವಿಚಾರವಾದಿ ನಾಯಕ ಪೆರಿಯಾರ್ ತಿರುಚಿರಾಪಳ್ಳಿಯಲ್ಲಿ ಮಣ್ಣಿನ ಗಣಪತಿ ಒಡೆದ ಪ್ರಕರಣದಲ್ಲಿ, ಆ ನಂಬಿಕೆ ತರ್ಕಕ್ಕೆ ನಿಲ್ಲುತ್ತದೋ ಇಲ್ಲವೋ, ನ್ಯಾಯಾಧೀಶರು ಅದನ್ನು ಒಪ್ಪುತ್ತಾರೋ ಇಲ್ಲವೋ, ಜನರ ಭಾವನೆಯನ್ನು ಗಮನಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 1958ರಲ್ಲಿ ಹೇಳಿತು. ವಿಚಾರವಾದಿ ಗೆಳೆಯರು ಈ ತೀರ್ಪನ್ನೂ ಓದಬೇಕು.

ಪ್ರಾಣಿಬಲಿ ನಿಷೇಧಿಸಿದ ಆ ಕಾಯ್ದೆಯ ಪ್ರತಿ ಲಗತ್ತಿಸಿ ತಹಶೀಲ್ದಾರರಿಗೆ ಮನವಿ ಕೊಡಿ, ಸ್ವೀಕೃತಿ ಪಡೆಯಿರಿ. ಸಭೆಯ ವಿಡಿಯೊ ಇದ್ದರೆ ಕತ್ತರಿಸದೆ ಇಟ್ಟುಕೊಳ್ಳಿ. ಪೊಲೀಸ್ ನೋಟಿಸ್ ಬಂದರೆ ವಕೀಲರ ಜೊತೆ ಹೋಗಿ. ಜಾತ್ರೆಯ ದಿನ ಮಾತ್ರ ದಯವಿಟ್ಟು ಮೈಕ್ ಹಿಡಿಯಬೇಡಿ.

ಪ್ರಶ್ನೆ: ಪೋಸ್ಟಿನ ಕೊನೆಗೆ ‘ಯಾರ ಭಾವನೆಗೂ ಧಕ್ಕೆ ತರುವ ಉದ್ದೇಶವಿಲ್ಲ’ ಎಂದು ಹಾಕಿದರೆ ಕೇಸ್ ಬರುವುದಿಲ್ಲವಂತೆ, ನಿಜವೇ?

ಉತ್ತರ: ಸುಳ್ಳು. ಕೋರ್ಟು ನೋಡುವುದು ಮೇಲೆ ಏನು ಬರೆದಿದ್ದೀರಿ ಎಂಬುದನ್ನು.

ಪ್ರಶ್ನೆ: ನಾನು ಬರೆದದ್ದಲ್ಲ, ಬರೀ ಫಾರ್ವರ್ಡ್ ಮಾಡಿದೆ. ನನಗೇನು ತೊಂದರೆ?

ಉತ್ತರ: ಕಳಿಸಿದ್ದು ನೀವೇ ತಾನೇ?

ಪ್ರಶ್ನೆ: ನಮ್ಮ ದೇವರನ್ನು ಬೈದು ಬರೆದವನ ಮೇಲೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಹಾಕಿಸಬಹುದೇ?

ಉತ್ತರ: ಸುಪ್ರೀಂ ಕೋರ್ಟ್ 2015ರಲ್ಲೇ ಅದನ್ನು ರದ್ದು ಮಾಡಿದೆ. ಆ ಕಲಂ ಹಾಕಿ ದೂರು ಬರೆದುಕೊಟ್ಟವರು ದುಡ್ಡು ತೆಗೆದುಕೊಂಡಿದ್ದರೆ ವಾಪಸ್ ಕೇಳಿ.