ಹಳೆ ಕಾರಿನ ಸಿಡಿ ಸ್ಟೀರಿಯೋಗೆ ಎಂಪಿ3 ಡಿಸ್ಕ್ ತಯಾರಿಸುವ ಸರಿಯಾದ ಕ್ರಮ ಯಾವುದು?

ನೀವು ಕೇಳಿದ್ದು ಇಷ್ಟು: ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡಿದ್ದೀರಿ, ಅದರ ಸ್ಟೀರಿಯೋದಲ್ಲಿ ಯುಎಸ್‌ಬಿ ಇಲ್ಲ, ಆಕ್ಸ್ ಇಲ್ಲ, ಇರುವುದು ಸಿಡಿ ಮಾತ್ರ. ಬರ್ನ್ ಮಾಡಿದ ಒಂದು ಡಿಸ್ಕ್ ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಹಾಡುತ್ತದೆ, ಕಾರಿಗೆ ಹಾಕಿದರೆ 'ಎರರ್' ಅನ್ನುತ್ತದೆ. ಇನ್ನೊಂದು ಹಾಡುತ್ತದೆ, ಆದರೆ ಹಾಡುಗಳೆಲ್ಲ ಅದಲುಬದಲು. ಇದರ ಜೊತೆಗೆ ತಂದೆಯವರ ತಾಳಮದ್ದಳೆ (ವೇಷ, ಕುಣಿತ ಇಲ್ಲದ, ಹಾಡು–ಮಾತಿನ ಯಕ್ಷಗಾನ) ಕ್ಯಾಸೆಟ್‌ಗಳನ್ನೂ ಸಿಡಿಗೆ ಇಳಿಸಿ ಪುತ್ತೂರು–ಬೆಂಗಳೂರು ದಾರಿಯಲ್ಲಿ ಕೇಳುವ ಆಸೆ ಉಂಟು.

ಡೆಕ್ (ಅಂದರೆ ಈ ಸ್ಟೀರಿಯೋ) ಬದಲಾಯಿಸಿಬಿಡಿ ಎಂದು ಹೇಳುವವರು ಸಿಗುತ್ತಾರೆ. ಬೇಕಾಗಿಲ್ಲ. ನನ್ನ ಕಾರಿನಲ್ಲೂ ಇಂಥದೇ ಡೆಕ್ ಇದೆ, ಇವತ್ತಿಗೂ ಅದರಲ್ಲೇ ಕೇಳುತ್ತೇನೆ. ಒಂದು ಮಾತು ತಿಳಿದುಕೊಂಡರೆ ಸಾಕು: ಕಾರಿನ ಡೆಕ್ ಕಂಪ್ಯೂಟರ್ ಅಲ್ಲ. ಕಂಪ್ಯೂಟರ್ ಹತ್ತು ಬಗೆಯ ಡಿಸ್ಕನ್ನು ಹೇಗೋ ಸಂಭಾಳಿಸಿಕೊಂಡು ಓದುತ್ತದೆ, ಡೆಕ್‌ಗೆ ಗೊತ್ತಿರುವುದು ಒಂದೋ ಎರಡೋ ಬಗೆ. ಆದ್ದರಿಂದ ಅದು ತಲೆ ಕೆಡಿಸಿಕೊಳ್ಳಬೇಕಾದ ಕೆಲಸವನ್ನೆಲ್ಲ ನಾವೇ ಮನೆಯಲ್ಲಿ ಮುಗಿಸಿ ಕೊಡಬೇಕು.

ಮೊದಲು ಡೆಕ್‌ನ ಮುಖದ ಮೇಲೆ 'ಎಂಪಿ3' ಎಂಬ ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಅದು ಬರೀ ಆಡಿಯೋ ಸಿಡಿ ಓದುವ ಡೆಕ್. ಆಗ ಒಂದು ಡಿಸ್ಕ್‌ನಲ್ಲಿ ಹಿಡಿಯುವುದು 80 ನಿಮಿಷ ಮಾತ್ರ, ಮುಂದೆ ನಾನು ಹೇಳುವುದು ಹೆಚ್ಚಿನದು ಉಪಯೋಗಕ್ಕೆ ಬಾರದು. ನಿಮ್ಮ ಎರಡನೇ ಡಿಸ್ಕ್ ಹಾಡಿದೆ ಎಂದ ಮೇಲೆ ನಿಮ್ಮದು ಎಂಪಿ3 ಓದುವ ಡೆಕ್ಕೇ ಎಂದು ಇಟ್ಟುಕೊಳ್ಳೋಣ.

ಈಗ ಆ 'ಎರರ್'. ನೂರಕ್ಕೆ ನೂರು ಎನ್ನಲಾರೆ, ಆದರೆ ಮೊದಲು ಅನುಮಾನಪಡಬೇಕಾದದ್ದು ಇದನ್ನು. ವಿಂಡೋಸ್‌ನಲ್ಲಿ ಖಾಲಿ ಸಿಡಿ ಹಾಕಿದೊಡನೆ ಒಂದು ಪ್ರಶ್ನೆ ಬರುತ್ತದೆ, ಈ ಡಿಸ್ಕನ್ನು ಹೇಗೆ ಬಳಸುತ್ತೀರಿ ಎಂದು. 'ಲೈಕ್ ಎ ಯುಎಸ್‌ಬಿ ಫ್ಲ್ಯಾಶ್ ಡ್ರೈವ್' ಎಂಬುದು ಮೊದಲ ಆಯ್ಕೆ, 'ವಿತ್ ಎ ಸಿಡಿ/ಡಿವಿಡಿ ಪ್ಲೇಯರ್' ಎಂಬುದು ಎರಡನೆಯದು. ಮೊದಲನೆಯದು ನೋಡಲು ಸುಲಭ, ಫೈಲ್‌ಗಳನ್ನು ಎಳೆದು ಹಾಕುತ್ತಾ ಹೋಗಬಹುದು. ಆದರೆ ಅದು ಬರೆಯುವುದು ಯುಡಿಎಫ್ ಎಂಬ ಬೇರೆಯೇ ಕ್ರಮದಲ್ಲಿ. ಕಾರಿನ ಡೆಕ್‌ಗೆ ಬೇಕಾದದ್ದು ಐಎಸ್‌ಒ 9660, ಅದರ ಜೊತೆ ಉದ್ದ ಹೆಸರುಗಳಿಗಾಗಿ ಜೋಲಿಯೆಟ್. ಹಾಗಾಗಿ ಯಾವತ್ತೂ ಎರಡನೆಯದನ್ನೇ ಒತ್ತಿ. ಬರ್ನ್ ಮಾಡಲು ನಾನು ಇಮ್ಗ್‌ಬರ್ನ್ ಎಂಬ ತಂತ್ರಾಂಶ ಬಳಸುತ್ತೇನೆ, ಲಿನಕ್ಸ್‌ನವರಿಗೆ ಕೆ3ಬಿ ಇದೆ. ಎರಡರಲ್ಲೂ ಬರೆಯುವ ಕ್ರಮ, ಅಂದರೆ ಫೈಲ್ ಸಿಸ್ಟಮ್, ಯಾವುದೆಂದು ನಾವೇ ಆರಿಸಬಹುದು, ಬರೆದಾದ ಮೇಲೆ ಸರಿಯಾಗಿ ಬಿದ್ದಿದೆಯೇ ಎಂದು ಪರೀಕ್ಷೆಯನ್ನೂ ಮಾಡಿಸಬಹುದು.

ಡಿಸ್ಕ್ ಸಿಡಿ-ಆರ್ ಆಗಿರಲಿ. ಅಳಿಸಿ ಬರೆಯುವ ಸಿಡಿ-ಆರ್‌ಡಬ್ಲ್ಯು ಬೆಳಕನ್ನು ಬಹಳ ಕಡಿಮೆ ಪ್ರತಿಫಲಿಸುತ್ತದೆ, ಹಳೆ ಲೆನ್ಸ್‌ಗಳಿಗೆ ಅದು ಕಾಣುವುದೇ ಇಲ್ಲ. ಒಂದೇ ಸಲಕ್ಕೆ ಎಲ್ಲವನ್ನೂ ಬರೆದು ಡಿಸ್ಕನ್ನು ಮುಚ್ಚಿ, ಅಂದರೆ ಫೈನಲೈಸ್ ಮಾಡಿ. ಇವತ್ತು ಹತ್ತು ಹಾಡು, ಮುಂದಿನ ವಾರ ಹತ್ತು ಎಂದು ಸೇರಿಸುತ್ತಾ ಹೋದರೆ ಕೆಲವು ಡೆಕ್‌ಗಳಿಗೆ ಮೊದಲ ಕಂತು ಮಾತ್ರ ಕಾಣುತ್ತದೆ. ಸ್ಪೀಡನ್ನು 52ಕ್ಕೆ ಇಡಬೇಡಿ, 16 ಸಾಕು. 700 ಎಂಬಿಯನ್ನು ಅಂಚಿನವರೆಗೆ ತುಂಬಿಸಬೇಡಿ, ಡಿಸ್ಕ್ ಒಳಗಿನಿಂದ ಹೊರಕ್ಕೆ ಬರೆಯುತ್ತಾ ಹೋಗುವುದರಿಂದ ಕೈ ತಗಲುವ, ಗೀರು ಬೀಳುವ ಹೊರಅಂಚಿನಲ್ಲಿ ಇರುವುದು ಕೊನೆಯ ಹಾಡುಗಳೇ.

ಹಾಡು ಅದಲುಬದಲಾಗುವುದಕ್ಕೆ ಕಾರಣ ಹೆಸರು. ಡೆಕ್‌ಗೆ ನಿಮ್ಮ ಪ್ಲೇಲಿಸ್ಟ್ ಗೊತ್ತಿಲ್ಲ, ಫೈಲ್ ಹೆಸರಿನ ಮೊದಲ ಅಕ್ಷರ ಹಿಡಿದು ಸಾಲಾಗಿ ಹೋಗುತ್ತದೆ. ಹೆಸರಿನ ಮುಂದೆ 1, 2, 3 ಎಂದು ಹಾಕಿದರೂ ಸಾಲದು, ಒಂದರ ಹಿಂದೆಯೇ 10, 11 ಬಂದು ನಿಲ್ಲುತ್ತವೆ. 01, 02 ಎಂದು ಹಾಕಿ. ನೂರು ದಾಟುವ ಫೋಲ್ಡರ್ ಆದರೆ 001 ಎಂದು. ಸಂಖ್ಯೆ ಹೆಸರಿನ ಶುರುವಿನಲ್ಲೇ ಇರಬೇಕು, ಏಕೆಂದರೆ ತೀರಾ ಹಳೆಯ ಡೆಕ್‌ಗಳು ಹೆಸರಿನ ಮೊದಲ ಎಂಟು ಅಕ್ಷರ ಮಾತ್ರ ಓದುತ್ತವೆ. ಫೋಲ್ಡರ್‌ಗಳಿಗೂ ಇದೇ ನಿಯಮ. ಫೋಲ್ಡರ್ ಒಳಗೆ ಫೋಲ್ಡರ್ ಮಾಡಬೇಡಿ, ಒಂದೇ ಹಂತ ಇರಲಿ.

ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯಬೇಕೆಂದು ಮನಸ್ಸಾಗುತ್ತದೆ, ನನಗೂ ಹಾಗೆಯೇ. ಆದರೆ ಆ ಕಾಲದ ಡಿಸ್‌ಪ್ಲೇಯಲ್ಲಿ ಕನ್ನಡ ಅಕ್ಷರವೇ ಇಲ್ಲ, ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದೆ. ಇಂಗ್ಲಿಷ್ ಅಕ್ಷರದಲ್ಲೇ, ಆದಷ್ಟು ಚಿಕ್ಕದಾಗಿ ಬರೆಯಿರಿ. ಫೈಲ್ ಒಳಗೆ ಹಾಡಿನ ಹೆಸರು, ಹಾಡಿದವರ ಹೆಸರು ಇಟ್ಟುಕೊಳ್ಳುವ ಟ್ಯಾಗ್‌ಗಳಿಗೂ ಇದು ಅನ್ವಯ. ಟ್ಯಾಗ್‌ಗಳನ್ನು ಐಡಿ3 2.3 ಆವೃತ್ತಿಯಲ್ಲಿ ಉಳಿಸಿ, ಎಂಪಿ3ಟ್ಯಾಗ್ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಅದನ್ನು ಆರಿಸಬಹುದು. ಆಲ್ಬಮ್ ಚಿತ್ರಗಳನ್ನು ಕಿತ್ತುಹಾಕಿ. ಚಿತ್ರ ಕುಳಿತಿರುವುದು ಫೈಲಿನ ತಲೆಯಲ್ಲಿ, ಹಾಡು ಶುರುವಾಗುವುದು ಅದರ ನಂತರ. ಒಂದೆರಡು ಎಂಬಿಯ ಚಿತ್ರವಿದ್ದರೆ ಪ್ರತಿ ಹಾಡಿಗೆ ಮುಂಚೆ ಡೆಕ್ ಸುಮ್ಮನೆ ಕುಳಿತಂತೆ ಅನ್ನಿಸುವುದು ಇದೇ ಕಾರಣಕ್ಕೆ.

ಬಿಟ್‌ರೇಟ್ (ಒಂದು ಸೆಕೆಂಡಿನ ಹಾಡಿಗೆ ಎಷ್ಟು ಕಿಲೋಬಿಟ್ ಎಂಬ ಲೆಕ್ಕ) ವಿಷಯಕ್ಕೆ ನನ್ನ ಅಭಿಪ್ರಾಯ ಖಚಿತವಾಗಿದೆ: ಸಂಗೀತಕ್ಕೆ 192 ಕೆಬಿಪಿಎಸ್, ಸ್ಯಾಂಪಲ್ ರೇಟ್ 44.1 ಕಿಲೋಹರ್ಟ್ಜ್. 192ರಲ್ಲಿ ಒಂದು ಡಿಸ್ಕ್‌ಗೆ ಎಂಟು ಗಂಟೆಗೂ ಮಿಕ್ಕಿ ಹಿಡಿಯುತ್ತದೆ, ಐದು ನಿಮಿಷದ ಹಾಡಾದರೆ ಸುಮಾರು ನೂರು. 320ಕ್ಕೆ ಹೋದರೆ ಅದು ಐದು ಗಂಟೆಗೆ ಇಳಿಯುತ್ತದೆ. ಟಯರ್ ಸದ್ದು, ಗಾಳಿ ಸದ್ದು ತುಂಬಿದ ಕಾರಿನೊಳಗೆ ಇವೆರಡರ ವ್ಯತ್ಯಾಸ ಹಿಡಿಯುವ ಕಿವಿ ನನ್ನದಲ್ಲ, ಬೇರೆಯವರದೂ ಇರಲಿಕ್ಕಿಲ್ಲ. ಈಗಾಗಲೇ 128ರಲ್ಲಿರುವ ಹಾಡನ್ನು 320ಕ್ಕೆ ಏರಿಸಬೇಡಿ. ಒಮ್ಮೆ ಕಳೆದುಹೋದ ನಾದ ತಿರುಗಿ ಬರುವುದಿಲ್ಲ, ಜಾಗ ಮಾತ್ರ ಹಾಳು. ಮೊಬೈಲ್‌ನಿಂದ ಬಂದ ಎಂ4ಎ ಫೈಲ್‌ಗೆ ಎಂಪಿ3 ಎಂದು ಹೆಸರು ಬದಲಿಸಿದರೂ ಒಳಗಿರುವುದು ಎಎಸಿ ಎಂಬ ಬೇರೆ ಬಗೆಯೇ, ಅದನ್ನು ನಿಜವಾಗಿ ಪರಿವರ್ತಿಸಬೇಕು.

ಒಂದು ಸಮಾಧಾನದ ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಶಿರಾಡಿ ಘಾಟಿಯ ಹೊಂಡಗಳಲ್ಲಿ ಆಡಿಯೋ ಸಿಡಿಗಿಂತ ಎಂಪಿ3 ಸಿಡಿ ಕಡಿಮೆ ಹಾರುತ್ತದೆ. ಡೆಕ್ ಸ್ವಲ್ಪ ಹಾಡನ್ನು ಮುಂಚಿತವಾಗಿ ಓದಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಆಡಿಯೋ ಸಿಡಿಗೆ ಸೆಕೆಂಡಿಗೆ 1411 ಕಿಲೋಬಿಟ್ ಬೇಕು, ನಮ್ಮದಕ್ಕೆ 192. ಅಷ್ಟೇ ಮೆಮೊರಿಯಲ್ಲಿ ಏಳು ಪಟ್ಟು ಹೆಚ್ಚು ಹೊತ್ತಿನ ಹಾಡು ಕುಳಿತಿರುತ್ತದೆ. ಲೆನ್ಸ್ ಅಲುಗಾಡಿ ಮತ್ತೆ ಜಾಗ ಹಿಡಿಯುವಷ್ಟರಲ್ಲಿ ಅದು ಖಾಲಿಯಾಗುವುದಿಲ್ಲ.

ಇನ್ನು ತಾಳಮದ್ದಳೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಹತ್ತಿರವಾದದ್ದು ಇದು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕ್ಯಾಸೆಟ್ ಪ್ಲೇಯರ್‌ನಿಂದ ಕಂಪ್ಯೂಟರ್‌ನ ಲೈನ್-ಇನ್‌ಗೆ ವಯರ್ ಕೊಟ್ಟು ಆಡಾಸಿಟಿ ಎಂಬ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ. ಅದಕ್ಕೂ ಮೊದಲು ಪ್ಲೇಯರ್‌ನ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ. ಸ್ವರ ಮಂಕಾಗಿ, ಚಕ್ರತಾಳ ಕಂಬಳಿಯೊಳಗಿಂದ ಬಂದಂತೆ ಕೇಳಿದರೆ ಹೆಡ್ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ತಾಳದ ಕಿಣಿ ಸ್ಪಷ್ಟವಾದ ಕಡೆ ನಿಲ್ಲಿಸಿ. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಇದು ಬೇರೆ ಬೇರೆ ಇರುತ್ತದೆ. ರೆಕಾರ್ಡ್ ಆದ ಮೇಲೆ ಹಿಸ್ ಸದ್ದನ್ನು ತೆಗೆಯಲು ನಾಯ್ಸ್ ರಿಡಕ್ಷನ್ ಜೋರಾಗಿ ಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹಿಸ್ ಜೊತೆಗೆ ಶ್ರುತಿಯೂ ತಿಂದುಹೋಗುತ್ತದೆ, ಅರ್ಥಧಾರಿ (ಪಾತ್ರವಾಗಿ ಮಾತಾಡುವವರು) ಉಸಿರೆಳೆದುಕೊಳ್ಳುವ ಸದ್ದು, ಸಭೆಯ ಸಣ್ಣ ನಗು, ಎಲ್ಲ ಹೋಗುತ್ತವೆ. ರಸ್ತೆಯ ಸದ್ದಿನಲ್ಲಿ ಆ ಹಿಸ್ ಹೇಗಿದ್ದರೂ ಕೇಳಿಸುವುದಿಲ್ಲ.

60ರ ಕ್ಯಾಸೆಟ್ ಆದರೆ ಅರ್ಧ ಗಂಟೆಗೆ, 90ರದ್ದಾದರೆ ಮುಕ್ಕಾಲು ಗಂಟೆಗೆ ಒಂದು ಮಗ್ಗುಲು ಮುಗಿಯುತ್ತದೆ, ಅದೂ ಸಾಮಾನ್ಯವಾಗಿ ಯಾರದಾದರೂ ಅರ್ಥದ, ಅಂದರೆ ಪದ್ಯದ ಮೇಲಿನ ಮಾತಿನ, ನಡುವೆಯೇ. ಮೊದಲು ಎರಡೂ ಮಗ್ಗುಲನ್ನು ಸೇರಿಸಿ, ನಡುವಿನ ಖಾಲಿ ಟೇಪಿನ ಮೌನ ಕತ್ತರಿಸಿ, ಪ್ರಸಂಗವನ್ನು, ಅಂದರೆ ಪೂರ್ತಿ ಕಥೆಯನ್ನು, ಅಖಂಡವಾಗಿ ಮಾಡಿಕೊಳ್ಳಿ. ಆಮೇಲೆ ನೀವೇ ತುಂಡು ಮಾಡಿ. ಮೂರು ಗಂಟೆಯ ಒಂದೇ ಫೈಲ್ ಹಾಕಿದರೆ ಕೆಲವು ಡೆಕ್‌ಗಳು ಕಾರು ನಿಲ್ಲಿಸಿ ಹೊರಟಾಗ ಮತ್ತೆ ಮೊದಲಿನಿಂದ ಶುರುಮಾಡುತ್ತವೆ. ಸಕಲೇಶಪುರದಲ್ಲಿ ಚಹಾ ಕುಡಿದು ಬಂದರೆ ಪೀಠಿಕೆ ಇನ್ನೊಮ್ಮೆ. ಫಾಸ್ಟ್ ಫಾರ್ವರ್ಡ್ ಒತ್ತಿಕೊಂಡೇ ಘಾಟಿ ಇಳಿಯುವುದು ಅಪಾಯ ಕೂಡ.

ಎಲ್ಲಿ ಕತ್ತರಿಸಬೇಕು? ಹತ್ತು ನಿಮಿಷಕ್ಕೊಮ್ಮೆ ಎಂದು ಯಂತ್ರದ ಹಾಗೆ ಬೇಡ. ಎಂಪಿ3 ಎನ್‌ಕೋಡರ್ (ರೆಕಾರ್ಡಿಂಗನ್ನು ಎಂಪಿ3 ಮಾಡುವ ತಂತ್ರಾಂಶ) ಪ್ರತಿ ಫೈಲಿನ ಶುರುವಿಗೂ ಕೊನೆಗೂ ಒಂದಿಷ್ಟು ಮೌನ ಸೇರಿಸುತ್ತದೆ, ಈ ಡೆಕ್‌ಗಳು ಅದನ್ನು ತೆಗೆಯುವುದಿಲ್ಲ. ಹಾಡುವಾಗ ಅಥವಾ ಮಾತಿನ ನಡುವೆ ಕತ್ತರಿ ಬಿದ್ದರೆ ಆ ಮುಕ್ಕು ಎದ್ದು ಕೇಳುತ್ತದೆ. ಒಬ್ಬರ ಅರ್ಥ ಮುಗಿದು, ಹಾಡುವ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುವ ಮುಂಚಿನ ಕ್ಷಣವೇ ಸರಿಯಾದ ಜಾಗ. ಒಂದು ಪದ್ಯ, ಅದರ ಅರ್ಥ, ಸಂವಾದ ಬೆಳೆದರೆ ಅದೂ ಸೇರಿ ಒಂದು ಟ್ರ್ಯಾಕ್. ಫೈಲಿಗೆ ಸಂಖ್ಯೆ ಹಾಕಿ, ಪದ್ಯದ ಮೊದಲ ಎರಡು ಶಬ್ದವನ್ನು ಹೆಸರಾಗಿ ಕೊಡಿ. ತಾಳಮದ್ದಳೆ ಕೇಳಿ ಬೆಳೆದವರಿಗೆ ಅಷ್ಟು ಕಂಡರೆ ಸಾಕು, ಸಂದರ್ಭ ಯಾವುದು, ಮಾತಾಡುವವರು ಯಾರು ಎಂದೆಲ್ಲ ಹೊಳೆಯುತ್ತದೆ. ಡಿಸ್‌ಪ್ಲೇ ನೋಡುವ ತಂದೆಯವರಿಗೆ ಇದು 'ಟ್ರ್ಯಾಕ್ 14' ಅನ್ನುವುದಕ್ಕಿಂತ ಎಷ್ಟೋ ಮೇಲು.

ಇಂಥ ರೆಕಾರ್ಡಿಂಗ್‌ಗೆ ಮೊನೊ ಸಾಕು, 96 ಕೆಬಿಪಿಎಸ್ ಧಾರಾಳವಾಯಿತು. ಹದಿನೇಳು ಗಂಟೆಯಷ್ಟು, ಅಂದರೆ ನಾಲ್ಕೈದು ಪ್ರಸಂಗ ಒಂದೇ ಡಿಸ್ಕ್‌ಗೆ ಬರುತ್ತವೆ. ಪ್ರಸಂಗಕ್ಕೊಂದು ಫೋಲ್ಡರ್. ಇನ್ನೂ ಕೆಳಗಿಳಿಸಿದರೆ ಎನ್‌ಕೋಡರ್ ತಾನಾಗಿಯೇ ಸ್ಯಾಂಪಲ್ ರೇಟನ್ನು ಇಳಿಸುವುದುಂಟು, ಕೆಲವು ಡೆಕ್‌ಗಳು ಅದನ್ನು ಹಾಡುವುದಿಲ್ಲ. 44.1 ಎಂದು ನೀವೇ ನಮೂದಿಸಿ.

ವಾಲ್ಯೂಮ್ ಸರಿಪಡಿಸದೆ ಡಿಸ್ಕ್ ಬರ್ನ್ ಮಾಡಬೇಡಿ. ಹಳೆ ಭಾವಗೀತೆ ಮೆಲ್ಲಗಿರುತ್ತದೆ, ಅದಕ್ಕೆಂದು ಸದ್ದು ಏರಿಸಿರುತ್ತೀರಿ, ಮುಂದಿನ ಸಿನಿಮಾ ಹಾಡು ಕಿವಿ ಹರಿಯುವಂತೆ ಬರುತ್ತದೆ. ಎಂಪಿ3ಗೇನ್ ಎಂಬ ಹಳೆಯ ತಂತ್ರಾಂಶ ಇದಕ್ಕೆಂದೇ ಇರುವುದು. ಅದು ಹಾಡನ್ನು ಮತ್ತೆ ಎನ್‌ಕೋಡ್ ಮಾಡದೆ, ಫೈಲಿನೊಳಗಿನ ಗೇನ್ ಸಂಖ್ಯೆಯನ್ನಷ್ಟೇ 1.5 ಡೆಸಿಬಲ್ ಹೆಜ್ಜೆಯಲ್ಲಿ ತಿದ್ದುತ್ತದೆ, ಗುಣಮಟ್ಟ ಕೆಡುವುದಿಲ್ಲ. ಅದು ತಾನಾಗಿ ಇಟ್ಟುಕೊಳ್ಳುವ ಗುರಿ 89 ಡೆಸಿಬಲ್. ಕಾರಿಗೆ 91–92 ಇಟ್ಟರೂ ನಡೆಯುತ್ತದೆ. ಟ್ಯಾಗ್‌ನಲ್ಲಿ ಮಾತ್ರ ಬರೆದಿಡುವ ರಿಪ್ಲೇಗೇನ್ ಆ ಕಾಲದ ಡೆಕ್‌ಗಳಿಗೆ ಅರ್ಥವಾಗದು.

ಡಿಸ್ಕ್ ಮೇಲೆ ಕಾಗದದ ಲೇಬಲ್ ಅಂಟಿಸಲೇಬೇಡಿ. ಮೇ ತಿಂಗಳ ಬಿಸಿಲಿಗೆ ಅಂಟು ಮೆತ್ತಗಾಗಿ ಲೇಬಲ್ ಎದ್ದುಬಂದರೆ ಡಿಸ್ಕ್ ಒಳಗೇ ಸಿಕ್ಕಿಕೊಳ್ಳುತ್ತದೆ, ಆಮೇಲೆ ಡೆಕ್ ಬಿಚ್ಚಬೇಕು. ಸಿಡಿಗೆಂದೇ ಸಿಗುವ ಮಾರ್ಕರ್‌ನಲ್ಲಿ ಬರೆಯಿರಿ. ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟುಹೋಗಬೇಡಿ. ಸಿಡಿ-ಆರ್‌ನಲ್ಲಿ ಹಾಡು ಉಳಿದಿರುವುದು ಒಂದು ಬಣ್ಣದ ಪದರದಲ್ಲಿ, ಬಿಸಿಲು ಅದನ್ನು ಕೆಡಿಸುತ್ತದೆ. ತಾಳಮದ್ದಳೆಯ ಮೂಲ ಫೈಲ್‌ಗಳನ್ನು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ, ಕ್ಯಾಸೆಟ್‌ಗಳನ್ನೂ ಎಸೆಯಬೇಡಿ. ಕಾರಿನ ಡಿಸ್ಕ್ ಸವೆಯುವ ಸಾಮಾನು, ಹಾಳಾದರೆ ಇನ್ನೊಂದು ಬರೆಯಬಹುದು.

ಪ್ರತಿ ಸಲ ಕೀ ತಿರುಗಿಸಿದಾಗಲೂ ಡಿಸ್ಕ್ ಮೊದಲ ಹಾಡಿನಿಂದಲೇ ಶುರುವಾಗಿ, ಗಡಿಯಾರವೂ ಅಳಿಸಿಹೋಗುತ್ತಿದ್ದರೆ ಅದು ಡಿಸ್ಕ್‌ನ ದೋಷವಲ್ಲ, ವಯರಿಂಗ್‌ನದು. ಹೊರಗಿನಿಂದ ತಂದು ಹಾಕಿಸಿದ ಡೆಕ್‌ಗಳಲ್ಲಿ ಹಳದಿ ವಯರ್ ಬ್ಯಾಟರಿಯಿಂದ ನೇರ ಬರಬೇಕು, ಕೆಂಪು ಕೀಯಿಂದ. ಎರಡನ್ನೂ ಕೀಗೇ ಕೊಟ್ಟಿದ್ದರೆ ಡೆಕ್‌ಗೆ ಏನೂ ನೆನಪಿರುವುದಿಲ್ಲ. ಹಾಗೆಯೇ, ಅಂಗಡಿಯಿಂದ ತಂದ ಅಸಲಿ ಆಡಿಯೋ ಸಿಡಿ ಹಾಕಿದಾಗಲೂ 'ಎರರ್' ಬಂದರೆ ಬರ್ನ್ ಮಾಡುತ್ತಾ ಕೂರಬೇಡಿ. ಲೆನ್ಸ್ ಧೂಳು ಹಿಡಿದಿರಬೇಕು ಅಥವಾ ಸೋತಿರಬೇಕು, ಕಾರ್ ಆಡಿಯೋ ರಿಪೇರಿಯವರಿಗೆ ಮೊದಲು ತೋರಿಸಿ.