ಮೂರು ಚಕ್ರದ ಬೈಕು, ಎಡಗಾಲಿನ ಗೇರು

ಪ್ರಶ್ನೆ: ಸರ್, ನನಗೆ 54 ವರ್ಷ. ಮೂವತ್ತು ವರ್ಷ ಗೇರ್ ಬೈಕ್ ಓಡಿಸಿದವನು. ಎಡ ಮಂಡಿಯ ಆಪರೇಷನ್ ಆದ ಮೇಲೆ ಭಾರದ ಬೈಕನ್ನು ಕಾಲೂರಿ ನಿಲ್ಲಿಸಲು ಹೆದರಿಕೆ. ಮುಂದೆ ಎರಡು, ಹಿಂದೆ ಒಂದು ಚಕ್ರ ಇರುವ 2011ರ ಕ್ಯಾನ್-ಆಮ್ ಸ್ಪೈಡರ್ ಆರ್‌ಎಸ್ ಒಂದು ಮಾರಾಟಕ್ಕಿದೆ. ಕ್ಲಚ್ಚು, ಗೇರು ಇರುವ ಮಾದರಿ, 41 ಸಾವಿರ ಕಿಲೋಮೀಟರ್ ಓಡಿದೆ. ಕ್ಲಚ್ ಇಲ್ಲದ ಸೆಮಿ ಆಟೊಮ್ಯಾಟಿಕ್‌ಗಿಂತ ಕಡಿಮೆಗೆ ಕೊಡುತ್ತಾರಂತೆ, ಅದೇ ನನಗೆ ಅನುಮಾನ. ಕೊಳ್ಳಬಹುದೇ? ಏನೇನು ನೋಡಬೇಕು?

ಉತ್ತರ: ಗಾಡಿಗಿಂತ ಮೊದಲು ನಿಮ್ಮ ಮಂಡಿಯನ್ನು ನೋಡೋಣ. ಮೂರು ಚಕ್ರ ಇದ್ದ ಮೇಲೆ ಕಾಲೂರುವ ಕೆಲಸ ತಪ್ಪಿತು, ನಿಜ. ಆದರೆ ಗೇರ್ ಹಾಕುವುದು ಅದೇ ಎಡಗಾಲು. ಸೆಮಿ ಆಟೊಮ್ಯಾಟಿಕ್ ಆದರೆ ಬೆರಳಲ್ಲೇ ಗೇರ್ ಏರಿಸಬಹುದು, ನಿಲ್ಲಿಸುವಾಗ ತಾನಾಗಿಯೇ ಇಳಿಯುತ್ತದೆ. ನೀವು ನೋಡಿರುವ ಗೇರಿನ ಗಾಡಿಯಲ್ಲಿ ಪ್ರತಿ ಸಿಗ್ನಲ್‌ಗೂ ನೀವೇ ತುಳಿದು ಇಳಿಸಬೇಕು. ಆದ್ದರಿಂದ ನಿಮ್ಮ ಹಳೆಯ ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಕುಳಿತು, ಐವತ್ತು ಸಲ ಗೇರ್ ಹಾಕಿ ತೆಗೆಯಿರಿ. ಮರುದಿನ ಬೆಳಿಗ್ಗೆ ಮಂಡಿ ಏನು ಹೇಳುತ್ತದೋ ಅದೇ ಅರ್ಧ ಉತ್ತರ.

ಅಗ್ಗ ಎಂದು ಅಷ್ಟು ಅನುಮಾನ ಬೇಡ. ಈ ಗಾಡಿಗಳ ಹತ್ತಿರ ಬರುವವರಲ್ಲಿ ಬಹಳ ಜನ ನಿಮ್ಮ ಹಾಗೆ ಮಂಡಿಯೋ ಮಣಿಕಟ್ಟೋ ಕೈಕೊಟ್ಟವರು. ಅವರಿಗೆ ಕ್ಲಚ್ ಬೇಡ. ಕೇಳುವವರು ಕಡಿಮೆ, ಬೆಲೆಯೂ ಕಡಿಮೆ. ನಾಳೆ ನೀವು ಮಾರಲು ಹೊರಟಾಗಲೂ ಹೀಗೇ ಇರುತ್ತದೆ, ಅದನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ನೋಡುವ ವಿಷಯ. ನಾನು ಇಂಥದ್ದೇ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಾಗ ಒಂದು ಗಂಟೆ ಇಂಜಿನ್ ಸದ್ದು ಕೇಳುತ್ತಾ ಕೂತೆ, ತಲೆ ಆಡಿಸಿದೆ, ದುಡ್ಡು ಎಣಿಸಿದೆ. ಬಗ್ಗಿ ಮುಂದಿನ ಟೈರ್ ಮಾತ್ರ ನೋಡಲಿಲ್ಲ. ಹೊರಗಿನಿಂದ ಹೊಸದರಂತಿದ್ದ ಟೈರಿನ ಒಳ ಅಂಚು ನೂಲು ಕಾಣುವಷ್ಟು ಸವೆದಿತ್ತು. ಮುಂದೆ ಎರಡು ಚಕ್ರ ಇರುವ ಗಾಡಿಯಲ್ಲಿ ಕಾರಿನ ಹಾಗೆ ಅಲೈನ್‌ಮೆಂಟ್ (ಎರಡೂ ಚಕ್ರಗಳ ನೇರ, ಓರೆಯ ಹೊಂದಾಣಿಕೆ) ಇರುತ್ತದೆ, ಅದು ತಪ್ಪಿದರೆ ಟೈರ್ ಹೀಗೆ ಒಂದು ಬದಿ ಸವೆಯುತ್ತದೆ. ಹಾಗಾಗಿ ಮೊಣಕಾಲೂರಿ, ನಿಮ್ಮಿಂದಾಗದಿದ್ದರೆ ಮಗನನ್ನೋ ಅಳಿಯನನ್ನೋ ಕರೆದೊಯ್ದು, ಒಳ ಅಂಚಿನ ಮೇಲೆ ಕೈಯಾಡಿಸಿ. ಮುಂಭಾಗವನ್ನು ಜಾಕ್ ಮೇಲೆ ಎತ್ತಿಸಿ ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಿ. ಲೊಟಲೊಟ ಅಂದರೆ ಚಕ್ರವನ್ನು ತಿರುಗಿಸುವ ಸರಳಿನ, ಅಂದರೆ ಟೈ ರಾಡ್‌ನ, ಕೀಲು ಸಡಿಲ. ಮೇಲೆ ಕೆಳಗೆ ಹಿಡಿದಾಗ ಅಲ್ಲಾಡಿದರೆ ಬಾಲ್ ಜಾಯಿಂಟ್ (ಸಸ್ಪೆನ್ಷನ್ನಿನ ಗುಂಡು ಕೀಲು) ಅಥವಾ ಚಕ್ರದ ಬೇರಿಂಗ್ ಸವೆದಿದೆ. ಹಿಂದಿನ ಟೈರ್ ಮಾತ್ರ ನಡುವೆ ಸವೆದಿದ್ದರೆ ಗಾಬರಿ ಬೇಡ. ಈ ಗಾಡಿ ವಾಲುವುದಿಲ್ಲವಲ್ಲ, ನಡುಭಾಗವೇ ದುಡಿಯುತ್ತದೆ. ಹೊಸ ಟೈರಿನ ಖರ್ಚನ್ನು ಚೌಕಾಶಿಯಲ್ಲಿ ಕಳೆಯಿರಿ.

ಕ್ಲಚ್ ಪರೀಕ್ಷೆಗೆ ಇಂಜಿನ್ ಬಿಸಿಯಾದ ಮೇಲೆ ಖಾಲಿ ರಸ್ತೆ ಬೇಕು. ನಾಲ್ಕನೆಯ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಿರುವಾಗ ಒಮ್ಮೆಲೇ ಥ್ರಾಟಲ್ ತಿರುಗಿಸಿ. ಇಂಜಿನ್ ಕೂಗು ಏರಿ, ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಮುನ್ನೂರು ಕೆಜಿಗೂ ಹೆಚ್ಚು ತೂಕದ ಗಾಡಿಯನ್ನು ಹಾಫ್ ಕ್ಲಚ್‌ನಲ್ಲೇ ಎಳೆದಾಡಿದರೆ ಪ್ಲೇಟು ಎಷ್ಟು ದಿನ ತಡೆದೀತು! ಕ್ಲಚ್ ಪೂರ್ತಿ ಹಿಡಿದು ಫಸ್ಟ್ ಹಾಕಿದಾಗ ಗಾಡಿ ತೆವಳಿದರೆ ಅದಕ್ಕೆ ತದ್ವಿರುದ್ಧ ತೊಂದರೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಇದು ಹೈಡ್ರಾಲಿಕ್ ಕ್ಲಚ್, ಆದ್ದರಿಂದ ಅದರ ದ್ರವ ಕಪ್ಪಾಗಿದೆಯೇ ಎಂದೂ ನೋಡಿ. ಸೆಕೆಂಡ್ ಗೇರಿನಲ್ಲಿ ಥ್ರಾಟಲ್ ಕೊಟ್ಟು ಬಿಟ್ಟು ಮಾಡಿ, ಗೇರ್ ತಾನಾಗಿ ಹೊರಬಿದ್ದರೆ ಅಲ್ಲಿಂದಲೇ ನಮಸ್ಕಾರ ಹೇಳಿ ಬನ್ನಿ. ರಿವರ್ಸ್ ಮರೆಯಬೇಡಿ: ಕ್ಲಚ್ ಹಿಡಿದು, ರಿವರ್ಸ್ ಗುಂಡಿ ಒತ್ತಿಕೊಂಡೇ, ಫಸ್ಟ್‌ನಿಂದ ಇನ್ನೂ ಕೆಳಕ್ಕೆ ತುಳಿಯಬೇಕು. ಸಲೀಸಾಗಿ ಬೀಳಬೇಕು. ಈ ಭಾರವನ್ನು ಕಾಲಿನಿಂದ ಹಿಂದಕ್ಕೆ ತಳ್ಳುವುದು ನಿಮ್ಮ ಮಂಡಿಗೆ ಆಗದ ಮಾತು.

ಹಿಂದಿನ ಚಕ್ರವನ್ನು ತಿರುಗಿಸುವ ಬೆಲ್ಟಿನ ಹಲ್ಲು ಮುರಿದಿದೆಯೇ, ಬಿರುಕು ಬಿಟ್ಟಿದೆಯೇ ನೋಡಿ. ಕೀ ಆನ್ ಮಾಡಿದಾಗ ಎಚ್ಚರಿಕೆಯ ದೀಪಗಳು ಹತ್ತಿ, ಗಾಡಿ ಹೊರಟ ಮೇಲೆ ಆರಬೇಕು. ಚಾಸಿಸ್ ನಂಬರ್ ಕೊಟ್ಟು ಬಾಕಿ ಉಳಿದ ರೀಕಾಲ್ ಕೆಲಸ (ದೋಷ ಸರಿಪಡಿಸಲು ಕಂಪನಿಯೇ ಗಾಡಿಯನ್ನು ವಾಪಸ್ ಕರೆಸುವುದು) ಇದೆಯೇ ಎಂದು ಅಧಿಕೃತ ಡೀಲರ್ ಬಳಿ ಕೇಳಿ.

ಮೂವತ್ತು ವರ್ಷದ ಅನುಭವ ಎಂದಿರಿ. ಮೊದಲ ದಿನ ಅದೇ ಅಡ್ಡ ಬರುತ್ತದೆ. ಬಲಗೈಯಲ್ಲಿ ಬ್ರೇಕ್ ಲಿವರ್ ಇರುವುದೇ ಇಲ್ಲ. ಮೂರೂ ಚಕ್ರಕ್ಕೆ ಒಂದೇ ಬ್ರೇಕು, ಬಲಗಾಲಲ್ಲಿ. ಬೈಕಿನಲ್ಲಿ ಎಡಕ್ಕೆ ವಾಲಬೇಕಾದರೆ ಎಡ ಹಿಡಿಯನ್ನೇ ಮುಂದಕ್ಕೆ ಒತ್ತುತ್ತೇವೆ. ಇಲ್ಲಿ ಹಾಗೆ ಮಾಡಿದರೆ ಗಾಡಿ ನೇರ ಬಲಕ್ಕೆ! ನಾನು ಮೊದಲ ತಿರುವಿನಲ್ಲೇ ಹೀಗೆ ರಸ್ತೆಯ ಆಚೆ ಅಂಚಿಗೆ ಹೋಗಿ ನಿಂತವನು. ಖಾಲಿ ಮೈದಾನದಲ್ಲಿ ಎರಡು ದಿನ ಎಂಟರ ಆಕಾರದಲ್ಲಿ ಸುತ್ತಿದ ಮೇಲೆಯೇ ಟ್ರಾಫಿಕ್ಕಿಗೆ ಇಳಿಯಿರಿ.

ಇನ್ನೊಂದು ಮಾತು. 2013ರಲ್ಲಿ ಮುಂದಿನ ಸಸ್ಪೆನ್ಷನ್, ಬ್ರೇಕ್ ಬದಲಾದವು, ಮುಂದಿನ ಚಕ್ರ 14 ಇಂಚಿನಿಂದ 15 ಇಂಚಾಯಿತು. ತಿರುವಿನಲ್ಲಿ ಆ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಸ್ವಲ್ಪ ಹೆಚ್ಚು ಕೊಟ್ಟು 2013ರ ನಂತರದ್ದು ಸಿಕ್ಕರೆ, ನಾನಾದರೆ ಅದಕ್ಕೇ ಹೋಗುತ್ತೇನೆ.

ಪ್ರಶ್ನೆ: ಗೇರ್ ಇರುವ ಸ್ಪೈಡರ್ ಕೊಂಡು, ಮುಂದೆ ವಯಸ್ಸಾದಾಗ ಅದನ್ನೇ ಸೆಮಿ ಆಟೊಮ್ಯಾಟಿಕ್ ಮಾಡಿಸಬಹುದೇ?

ಉತ್ತರ: ಬೇಡ. ಬದಲಾಗಬೇಕಾದ್ದು ಕ್ಲಚ್ ಒಂದೇ ಅಲ್ಲ. ಗೇರ್ ಬದಲಿಸುವ ಹೈಡ್ರಾಲಿಕ್ ಭಾಗ, ಕಂಪ್ಯೂಟರ್, ವೈರಿಂಗ್ ಎಲ್ಲವೂ ಬೇರೆ. ಆ ದಿನ ಬಂದಾಗ ಇದನ್ನು ಮಾರಿ ಅದನ್ನು ಕೊಳ್ಳಿ.